ವಯಸ್ಸಿನಷ್ಟು ದೂರ: ಹುಟ್ಟುಹಬ್ಬದ ಸೈಕಲ್ ಸವಾರಿಯೂ ಮಲೆನಾಡಿನ ಏರುದಾರಿಯೂ

(ಉಪನ್ಯಾಸದ ಲಿಖಿತ ರೂಪ)



ಹುಟ್ಟುಹಬ್ಬದ ದಿನ ತಮ್ಮ ವಯಸ್ಸು ಎಷ್ಟೋ ಅಷ್ಟು ದೂರ ಸೈಕಲ್ ತುಳಿಯುವ ರೂಢಿಯೊಂದು ಸೈಕಲ್ ಸವಾರರಲ್ಲಿದೆ. ನಲವತ್ತು ತುಂಬಿದವರು ನಲವತ್ತು ಕಿಲೋಮೀಟರ್, ಅರವತ್ತು ತುಂಬಿದವರು ಅರವತ್ತು. ಇಂಗ್ಲೆಂಡ್, ಅಮೆರಿಕಗಳಲ್ಲಿ ಇದೇ ಲೆಕ್ಕವನ್ನು ಮೈಲಿಗಳಲ್ಲಿ ಹಿಡಿಯುತ್ತಾರೆ. ಅಲ್ಲಿ ಐವತ್ತರ ಹರೆಯದವರು ಎಂಬತ್ತು ಕಿಲೋಮೀಟರ್ ತುಳಿದಂತಾಯಿತು. ಇದಕ್ಕೆ ಪ್ರವೇಶ ಶುಲ್ಕವಿಲ್ಲ, ಪದಕವಿಲ್ಲ, ತೀರ್ಪುಗಾರರಿಲ್ಲ. ಕೇಕು, ಮೇಣದ ಬತ್ತಿಗಳ ಹಂಗೂ ಇಲ್ಲ.

ಕೇಳಿದೊಡನೆ ಇದು ಪೇಟೆಯವರ ಶೋಕಿಯೆಂದು ಕೆಲವರಿಗಾದರೂ ತೋರಬಹುದು. ಆದರೆ ವಯಸ್ಸನ್ನು ಬೇರೊಂದು ವಸ್ತುವಿಗೆ ಸಮನಾಗಿ ತೂಗುವ ಕಲ್ಪನೆ ಕನ್ನಡ ನಾಡಿಗೆ ಹೊಸತೇನೂ ಅಲ್ಲ. ದೇವಸ್ಥಾನಗಳಲ್ಲಿ ತುಲಾಭಾರ ನಡೆಯುತ್ತದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಹರಕೆ ಹೊತ್ತವನು, ಇನ್ನೊಂದರಲ್ಲಿ ಅವನ ಭಾರದಷ್ಟೇ ಬೆಲ್ಲ, ತೆಂಗಿನಕಾಯಿ ಅಥವಾ ಅಕ್ಕಿ. ಅರವತ್ತು ತುಂಬಿ ಹುಟ್ಟಿದ ಸಂವತ್ಸರವೇ ಮರಳಿ ಬಂದಾಗ ಷಷ್ಟ್ಯಬ್ದಿ ಶಾಂತಿ, ಎಪ್ಪತ್ತಕ್ಕೆ ಭೀಮರಥ ಶಾಂತಿ, ಎಂಬತ್ತು ದಾಟಿದವರಿಗೆ ಸಹಸ್ರಚಂದ್ರ ದರ್ಶನ. ಇವುಗಳಲ್ಲೆಲ್ಲ ಹಿರಿಯರು ಮಣೆಯ ಮೇಲೆ ಕುಳಿತಿರುತ್ತಾರೆ. ಓಡಾಡುವವರು, ಬಡಿಸುವವರು ಕಿರಿಯರು. ಸೈಕಲ್ಲಿನ ರೂಢಿಯಲ್ಲಿ ಮಾತ್ರ ವಯಸ್ಸಾದವರೇ ಎದ್ದು ಹೊರಡಬೇಕು. ತಕ್ಕಡಿಯ ಒಂದು ಕಡೆ ಕಳೆದ ವರ್ಷಗಳು, ಇನ್ನೊಂದು ಕಡೆ ತುಳಿದ ದಾರಿ. ಎರಡನ್ನೂ ತೂಗುವವರು ಒಬ್ಬರೇ.

ಈ ಲೆಕ್ಕದಲ್ಲಿ ಒಂದು ಬಿಗಿಯಿದೆ. ಹನ್ನೆರಡು ವರ್ಷದ ಹುಡುಗಿಗೆ ಹನ್ನೆರಡು ಕಿಲೋಮೀಟರ್ ಆಟ. ಇಪ್ಪತ್ತರ ಯುವಕನಿಗೆ ಇಪ್ಪತ್ತು ಕಿಲೋಮೀಟರ್ ಎಂದರೆ ಬೆಳಗಿನ ತಿಂಡಿಗೆ ಮುನ್ನ ಮುಗಿಯುವ ಕೆಲಸ. ನಲವತ್ತೈದಕ್ಕೆ ಅರ್ಧ ದಿನ ಬೇಕು. ಅರವತ್ತಕ್ಕೆ ದಿನವಿಡೀ ಬೇಕಾದೀತು. ಎಪ್ಪತ್ತೈದಕ್ಕೆ ತಿಂಗಳುಗಟ್ಟಲೆ ಸಿದ್ಧತೆಯಿಲ್ಲದೆ ಹೊರಡುವಂತಿಲ್ಲ. ದೂರ ವರ್ಷಕ್ಕೊಂದು ಕಿಲೋಮೀಟರ್ ಏರುತ್ತದೆ; ದೇಹದ ಶಕ್ತಿ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಇಳಿಯುತ್ತದೆ. ಗರಿಷ್ಠ ಶ್ರಮದಲ್ಲಿ ದೇಹವು ನಿಮಿಷಕ್ಕೆ ಎಷ್ಟು ಆಮ್ಲಜನಕವನ್ನು ಬಳಸಬಲ್ಲುದು ಎಂಬುದು ದೇಹಶಕ್ತಿಯ ಒಂದು ಮುಖ್ಯ ಅಳತೆ. ಮೂವತ್ತರ ನಂತರ ಅದು ಹತ್ತು ವರ್ಷಕ್ಕೆ ಸುಮಾರು ಶೇಕಡ 10ರಷ್ಟು ಕುಗ್ಗುತ್ತ ಹೋಗುತ್ತದೆ. ನಿಯತವಾಗಿ ದುಡಿಸಿದ ದೇಹದಲ್ಲಿ ಈ ಕುಸಿತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂದು ಶರೀರಕ್ರಿಯಾ ವಿಜ್ಞಾನ ಹೇಳುತ್ತದೆ. ಆದುದರಿಂದ ಹುಟ್ಟುಹಬ್ಬದ ಒಂದು ದಿನದ ಸವಾರಿಗಿಂತ, ಆ ಸವಾರಿಯನ್ನು ಸಾಧ್ಯವಾಗಿಸುವ ಹಿಂದಿನ ಹನ್ನೊಂದು ತಿಂಗಳುಗಳೇ ಹೆಚ್ಚು ಮುಖ್ಯ. ಮುಂದಿನ ವರ್ಷದ ಅಂಕಿ ಮೊದಲೇ ಗೊತ್ತಿರುವುದರಿಂದ ಸೈಕಲ್ಲನ್ನು ಅಟ್ಟಕ್ಕೇರಿಸುವಂತಿಲ್ಲ.

ಈ ಏರು ಇಳಿತಗಳ ಗೆರೆಗಳು ಎಲ್ಲಿಯವರೆಗೆ ಒಟ್ಟಿಗೆ ಸಾಗಬಲ್ಲವು? ಇದಕ್ಕೆ ಫ್ರಾನ್ಸಿನ ರೊಬೇರ್ ಮಾರ್ಶಾನ್ ಅವರ ಬದುಕಿಗಿಂತ ಒಳ್ಳೆಯ ಉದಾಹರಣೆ ದೊರೆಯದು.

ಮಾರ್ಶಾನ್ ಹುಟ್ಟಿದ್ದು 1911ರ ನವೆಂಬರ್ 26ರಂದು, ಉತ್ತರ ಫ್ರಾನ್ಸಿನ ಆಮಿಯೆನ್ಸ್ ನಗರದಲ್ಲಿ. ಎತ್ತರ ಬರಿಯ 152 ಸೆಂಟಿಮೀಟರ್. ಯೌವನದಲ್ಲಿ ಸೈಕಲ್ ಸ್ಪರ್ಧೆಗಳಲ್ಲಿ ಆಸೆಯಿಟ್ಟುಕೊಂಡಿದ್ದರು. ಈ ಗಾತ್ರದವನಿಗೆ ಈ ಕ್ರೀಡೆಯಲ್ಲಿ ಭವಿಷ್ಯವಿಲ್ಲವೆಂದು ತರಬೇತುದಾರರೊಬ್ಬರು ಹೇಳಿದರಂತೆ. ಪ್ಯಾರಿಸ್ಸಿನಲ್ಲಿ ಅಗ್ನಿಶಾಮಕ ದಳದಲ್ಲಿ ದುಡಿದರು. ಎರಡನೆಯ ಮಹಾಯುದ್ಧದ ನಂತರ ವೆನಿಜುವೆಲಾದಲ್ಲಿ ಲಾರಿ ಓಡಿಸಿದರು. ಕೆನಡಾದಲ್ಲಿ ಮರ ಕಡಿಯುವ ಕೆಲಸ ಮಾಡಿದರು. 1960ರ ಸುಮಾರಿಗೆ ಸ್ವದೇಶಕ್ಕೆ ಮರಳಿ ತೋಟದ ಕೆಲಸ, ದ್ರಾಕ್ಷಾರಸದ ವ್ಯಾಪಾರಗಳಲ್ಲಿ ಹೊಟ್ಟೆ ಹೊರೆದರು. ಅಂದರೆ ಮೈ ಬಗ್ಗಿಸಿ ದುಡಿದವರೇ ಹೊರತು ಪೋಷಣೆಯಲ್ಲಿ ಬೆಳೆದ ಕ್ರೀಡಾಪಟುವಲ್ಲ. ಬಹುಕಾಲ ಬಿಟ್ಟಿದ್ದ ಸೈಕಲ್ಲನ್ನು ಮತ್ತೆ ಗಂಭೀರವಾಗಿ ಹಿಡಿದದ್ದು 1978ರಲ್ಲಿ, ಅರವತ್ತೇಳರ ಆಸುಪಾಸಿನಲ್ಲಿ. ಇತರರು ಪಿಂಚಣಿ ಎಣಿಸುವ ಪ್ರಾಯ ಅದು. 1992ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಪ್ಯಾರಿಸ್ಸಿನಿಂದ ಮಾಸ್ಕೋವರೆಗೆ ತುಳಿದರು. 2011ರಲ್ಲಿ ಆರ್ದೆಶ್ ಎಂಬ ಗುಡ್ಡಗಾಡು ಪ್ರದೇಶದ ಜನ ತಮ್ಮ ಬೆಟ್ಟದ ಏರುದಾರಿಯೊಂದಕ್ಕೆ ಇವರ ಹೆಸರನ್ನಿಟ್ಟರು. ಬದುಕಿರುವಾಗಲೇ ಘಾಟಿಯೊಂದಕ್ಕೆ ತನ್ನ ಹೆಸರು ಬಿದ್ದುದನ್ನು ಕಾಣುವ ಯೋಗ ಎಷ್ಟು ಮಂದಿಗೆ ಬಂದೀತು!

2012ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಸೈಕಲ್ ಪಥವೊಂದರಲ್ಲಿ ಅವರು ಒಂದು ಗಂಟೆಯಲ್ಲಿ 24.25 ಕಿಲೋಮೀಟರ್ ಕ್ರಮಿಸಿದರು. ನೂರು ದಾಟಿದವರಿಗೆಂದು ಅಂತಹ ವಿಭಾಗವೇ ಅದುವರೆಗೆ ಇರಲಿಲ್ಲ; ಇವರಿಗಾಗಿ ತೆರೆಯಬೇಕಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಿಯೊನ್ ನಗರದ ಪಥದಲ್ಲಿ ನೂರು ಕಿಲೋಮೀಟರ್ ದೂರವನ್ನು 4 ಗಂಟೆ 17 ನಿಮಿಷ 27 ಸೆಕೆಂಡುಗಳಲ್ಲಿ ಮುಗಿಸಿದರು. ಗಂಟೆಗೆ 23 ಕಿಲೋಮೀಟರಿಗೂ ಮಿಗಿಲಾದ ಸರಾಸರಿ ವೇಗ. ನೂರು ವರ್ಷದವರು ನೂರು ಕಿಲೋಮೀಟರ್! ವಯಸ್ಸಿನಷ್ಟು ದೂರ ತುಳಿಯುವ ರೂಢಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿರಲಾರದು. ಗಮನಿಸಬೇಕಾದ ಸಣ್ಣ ಸಂಗತಿಯೊಂದಿದೆ: ಆ ದಿನ ಅವರ ಹುಟ್ಟುಹಬ್ಬವಾಗಿರಲಿಲ್ಲ, ನೂರೊಂದು ತುಂಬಲು ಇನ್ನೂ ಎರಡು ತಿಂಗಳಿತ್ತು. ಈ ಮಾತು ಮುಂದೆ ಉಪಯೋಗಕ್ಕೆ ಬರಲಿದೆ.

ಇದರ ನಂತರ ನಡೆದದ್ದು ಕೃಷಿ ವಿಜ್ಞಾನದವರಿಗೂ ಕುತೂಹಲ ಹುಟ್ಟಿಸುವಂಥದು. ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿಗಳು ಮಾರ್ಶಾನ್ ಅವರನ್ನು 101ನೆಯ ವಯಸ್ಸಿನಿಂದ 103ರವರೆಗೆ ಅಧ್ಯಯನ ಮಾಡಿದರು. ಅದರ ವರದಿ 2017ರಲ್ಲಿ ಪ್ರಕಟವಾಯಿತು. ಆ ಎರಡು ವರ್ಷ ಅವರು ವರ್ಷಕ್ಕೆ ಸುಮಾರು 5,000 ಕಿಲೋಮೀಟರ್ ತುಳಿದರು. ಅದರಲ್ಲಿ ಶೇಕಡ 80ರಷ್ಟು ಪಕ್ಕದವರೊಡನೆ ಮಾತನಾಡುತ್ತ ಸಾಗಬಹುದಾದ ಹಗುರ ಶ್ರಮ. ಉಳಿದ ಶೇಕಡ 20 ಏದುಸಿರು ಬರಿಸುವ ಕಠಿಣ ಶ್ರಮ. ಫಲಿತಾಂಶವೇನು? ದೇಹದ ಪ್ರತಿ ಕಿಲೋಗ್ರಾಂ ತೂಕಕ್ಕೆ ನಿಮಿಷಕ್ಕೆ 31 ಮಿಲಿಲೀಟರ್ ಇದ್ದ ಆಮ್ಲಜನಕ ಬಳಕೆ 35ಕ್ಕೆ ಏರಿತು. ಪೆಡಲಿನ ಮೇಲೆ ಹಾಕಬಲ್ಲ ಗರಿಷ್ಠ ಶಕ್ತಿ 90 ವಾಟ್‌ನಿಂದ 125 ವಾಟ್‌ಗೆ ಏರಿತು. 2014ರ ಜನವರಿಯಲ್ಲಿ, 102ರ ವಯಸ್ಸಿನಲ್ಲಿ, ಅವರು ಗಂಟೆಗೆ 26.927 ಕಿಲೋಮೀಟರ್ ತುಳಿದು ತಮ್ಮದೇ ದಾಖಲೆಯನ್ನು ಮುರಿದರು. ಇಳಿಯಲೇಬೇಕಾದ ಗೆರೆ ನೂರು ದಾಟಿದ ಮೇಲೆಯೂ ಕೆಲಕಾಲ ಮೇಲೆದ್ದಿತು.

ಒಂದೇ ಗಿಡವನ್ನು ನೋಡಿ ತಳಿಯ ಗುಣವನ್ನು ನಿರ್ಧರಿಸಬಾರದೆಂಬುದು ಕೃಷಿ ಸಂಶೋಧನೆಯ ಮೊದಲ ಪಾಠ. ಮಾರ್ಶಾನ್ ಒಬ್ಬರೇ ವ್ಯಕ್ತಿ. ಅವರ ಬೀಜಬಲ ಅಸಾಮಾನ್ಯವಾಗಿದ್ದಿರಬೇಕು. ಎಲ್ಲರೂ ನೂರಕ್ಕೆ ನೂರು ತುಳಿಯುವರೆಂದು ಇದರಿಂದ ಸಿದ್ಧವಾಗುವುದಿಲ್ಲ. ಮುದಿಪ್ರಾಯದ ಸ್ನಾಯುವೂ ಶ್ರಮಕ್ಕೆ ಪ್ರತಿಸ್ಪಂದಿಸಬಲ್ಲುದು ಎಂಬಷ್ಟು ಮಾತ್ರ ನಿಶ್ಚಿತವಾಗಿ ಸಿದ್ಧವಾಗುತ್ತದೆ. 2017ರ ಜನವರಿಯಲ್ಲಿ, 105ರಲ್ಲಿ, ಅವರ ಗಂಟೆಯ ದೂರ 22.547 ಕಿಲೋಮೀಟರಿಗೆ ಇಳಿದಿತ್ತು. ಕೊನೆಯ ಹತ್ತು ನಿಮಿಷದ ಸೂಚನಾ ಫಲಕ ಕಣ್ಣಿಗೆ ಬೀಳಲಿಲ್ಲ, ಬಿದ್ದಿದ್ದರೆ ಇನ್ನೂ ಬಿರುಸಾಗಿ ತುಳಿಯುತ್ತಿದ್ದೆನೆಂದು ಅಂದು ಅವರು ಪೇಚಾಡಿದರು. 2021ರ ಮೇ ತಿಂಗಳಲ್ಲಿ, 109ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಮಲೆನಾಡಿಗೆ ಬರೋಣ. ಇಲ್ಲಿನ ಹಿರಿಯರು ಮಾರ್ಶಾನ್ ಅವರಿಗಿಂತ ಕಡಿಮೆ ದುಡಿದವರಲ್ಲ. ಸೊಪ್ಪಿನ ಹೊರೆ ಹೊತ್ತು ಬೆಟ್ಟ ಇಳಿದವರು, ಕೊನೆ ಕೊಯ್ಯಲು ಅಡಿಕೆ ಮರ ಏರಿದವರು, ಸಂತೆಗೆ ಹತ್ತು ಹನ್ನೆರಡು ಮೈಲಿ ನಡೆದು ಹೋಗಿ ಅದೇ ದಿನ ಮರಳಿದವರು. ಆದರೆ ಕಳೆದ ಎರಡು ಮೂರು ದಶಕಗಳಲ್ಲಿ ಅಂಗಳದಿಂದ ಗದ್ದೆಗೆ ಹೋಗಲೂ ಬೈಕು ಬೇಕಾಗಿದೆ. ಹಾಲಿನ ಡೇರಿಗೆ ಬೈಕು, ಅರ್ಧ ಕಿಲೋಮೀಟರ್ ದೂರದ ಅಂಗಡಿಗೆ ಬೈಕು. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಂದ ಸೈಕಲ್ಲಿನಲ್ಲಿ ಒಳಪೆಡಲು ಹೊಡೆಯುತ್ತ ಮೊಣಕಾಲು ಕೆತ್ತಿಸಿಕೊಂಡ ಪೀಳಿಗೆಯವರೇ ಈಗ ಸಕ್ಕರೆ ಕಾಯಿಲೆಯ ಮಾತ್ರೆ ತರಲು ಬೈಕಿನಲ್ಲಿ ಹೋಗುತ್ತಾರೆ. ಇದನ್ನು ಮೂದಲಿಕೆಯಾಗಿ ಹೇಳುತ್ತಿಲ್ಲ. ಮಲೆನಾಡಿನಲ್ಲಿ ಸೈಕಲ್ ಹಿಂದೆ ಸರಿದುದಕ್ಕೆ ಭೂಮಿಯ ಏರಿಳಿತವೇ ಬಲವಾದ ಕಾರಣ, ಮತ್ತು ಆ ಕಾರಣವನ್ನು ಲೆಕ್ಕ ಹಾಕಿಯೇ ನೋಡಬೇಕು.

ಸವಾರ ಮತ್ತು ಸೈಕಲ್ ಸೇರಿ 90 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಒಂದು ಕಿಲೋಮೀಟರ್ ಸಾಗಲು ಸುಮಾರು 13ರಿಂದ 15 ಕಿಲೋಜೂಲ್ ಕೆಲಸ ಸಾಕು. ಅದೇ ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಲು 88 ಕಿಲೋಜೂಲ್ ಬೇಕು. ಅಂದರೆ ನೂರು ಮೀಟರ್ ಏರಿದ ಶ್ರಮ, ಬಯಲಿನಲ್ಲಿ ಆರು ಕಿಲೋಮೀಟರ್ ತುಳಿದ ಶ್ರಮಕ್ಕೆ ಸಮ. ಏರಿದ್ದು ಇಳಿಯುವಾಗ ಮರಳಿ ಸಿಗುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಸಿಗುತ್ತದೆ, ಆದರೆ ತಿರುವುಗಳ ಇಳಿಜಾರಿನಲ್ಲಿ ಅದರ ಬಹುಭಾಗವನ್ನು ಬ್ರೇಕ್ ರಬ್ಬರು ತಿಂದುಹಾಕುತ್ತದೆ.

ಆದ್ದರಿಂದ ಬಯಲಿನವರು ಮಾಡಿದ ಅಳತೆಗೋಲನ್ನು ಗುಡ್ಡಕ್ಕೆ ಹಾಗೆಯೇ ತಂದು ಚುಚ್ಚುವುದು ಸರಿಯಲ್ಲ. (ಇಂತಹ ಅಳತೆಗೋಲುಗಳ ಅನುಭವ ಮಲೆನಾಡಿಗರಿಗೆ ಬೇಕಾದಷ್ಟಿದೆ.) ಇಳಿಜಾರಿನಲ್ಲಿ ಬಿಟ್ಟಿಯಾಗಿ ಸಿಗುವ ದೂರವನ್ನು ಕಳೆದು, ಪ್ರತಿ ನೂರು ಮೀಟರ್ ಏರಿಗೆ ಐದು ಕಿಲೋಮೀಟರ್ ಎಂದು ಹಿಡಿದರೆ ನ್ಯಾಯವಾದ ಲೆಕ್ಕ ದೊರೆಯುತ್ತದೆ. ಐವತ್ತು ತುಂಬಿದವರೊಬ್ಬರು ಮೂವತ್ತು ಕಿಲೋಮೀಟರ್ ದಾರಿಯಲ್ಲಿ ಒಟ್ಟು ನಾನೂರು ಮೀಟರ್ ಏರಿದ್ದರೆ ಅವರ ಐವತ್ತು ಸಂದಿತು. ಏರನ್ನು ಅಳೆಯುವುದು ಕಷ್ಟವಲ್ಲ. ಮೊಬೈಲ್ ಫೋನುಗಳು ಹೇಳುತ್ತವೆ. ಆದರೆ ಶಾಲೆಯ ಮಕ್ಕಳು ಸರ್ವೆ ಆಫ್ ಇಂಡಿಯಾದ ಭೂಪಟವನ್ನು ಹರಡಿಕೊಂಡು ಲೆಕ್ಕ ಹಾಕಿದರೆ ಇನ್ನೂ ಒಳ್ಳೆಯದು. 1:50,000 ಪ್ರಮಾಣದ ಹಾಳೆಗಳಲ್ಲಿ ಸಮೋನ್ನತಿ ರೇಖೆಗಳು 20 ಮೀಟರಿಗೊಂದರಂತೆ ಇರುತ್ತವೆ. ರಸ್ತೆಯು ಏರುತ್ತ ಐದು ರೇಖೆಗಳನ್ನು ದಾಟಿದರೆ ನೂರು ಮೀಟರ್. ತಮ್ಮ ಹಳ್ಳ ಎಲ್ಲಿ ಹುಟ್ಟುತ್ತದೆ, ತಮ್ಮ ಮನೆ ಯಾವ ರೇಖೆಯ ಮೇಲಿದೆ ಎಂಬುದೂ ಅದೇ ಹಾಳೆಯಲ್ಲಿ ಕಣ್ಣಿಗೆ ಬೀಳುತ್ತದೆ.

ಸೈಕಲ್ಲಿನದೂ ಇದೇ ಕಥೆ. 2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ದೂರದ ಪ್ರೌಢಶಾಲೆಗೆ ಹೋಗುವ ಹೆಣ್ಣುಮಕ್ಕಳಿಗೆ ಅದರಿಂದಾದ ಉಪಕಾರವನ್ನು ಯಾರೂ ಅಲ್ಲಗಳೆಯರು. ಆದರೆ ಬಯಲುಸೀಮೆಗೂ ಮಲೆನಾಡಿಗೂ ಬಂದದ್ದು ಗೇರಿಲ್ಲದ ಒಂದೇ ಬಗೆಯ ಸೈಕಲ್. ಸಾಮಾನ್ಯ ಸೈಕಲ್ಲಿನಲ್ಲಿ ಪೆಡಲಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಆರೋಗ್ಯವಂತರೊಬ್ಬರು ಬಹಳ ಹೊತ್ತು ಬಿಡದೆ ಕೊಡಬಲ್ಲ ಶಕ್ತಿ 100 ವಾಟ್ ಎಂದಿಟ್ಟುಕೊಂಡರೆ, ನೂರು ಮೀಟರಿಗೆ ಏಳು ಮೀಟರ್ ಏರುವ ಘಾಟಿಯಲ್ಲಿ ಅವರ ವೇಗ ಗಂಟೆಗೆ ಐದು ಕಿಲೋಮೀಟರ್. ಆ ವೇಗಕ್ಕೆ ಪೆಡಲು ನಿಮಿಷಕ್ಕೆ ಹದಿನೈದು ಹದಿನಾರು ಸಲವಷ್ಟೇ ತಿರುಗುತ್ತದೆ; ಕಾಲಿಗೆ ಹಿತವಾದದ್ದು ಅರವತ್ತರ ಆಸುಪಾಸು. ಪ್ರತಿ ತುಳಿತಕ್ಕೂ ಎದ್ದು ನಿಂತು ಮೈಭಾರವನ್ನೆಲ್ಲ ಹಾಕಬೇಕು. ಮಕ್ಕಳು ಇಳಿದು ತಳ್ಳಿದ್ದು ಸೋಮಾರಿತನದಿಂದಲ್ಲ, ಗಣಿತದಿಂದ. ಗಂಟೆಗೆ ಐದು ಕಿಲೋಮೀಟರ್ ಎಂದರೆ ನಡಿಗೆಯ ವೇಗವೇ ತಾನೆ? ವಯಸ್ಸಿನ ಸವಾರಿಯಲ್ಲಿಯೂ ಘಾಟಿಯಲ್ಲಿ ಇಳಿದು ತಳ್ಳಿದರೆ ಕಿಲೋಮೀಟರ್ ಕಳೆಯುವುದಿಲ್ಲ.

ಇದಕ್ಕೆ ಅಗ್ಗದ ಪರಿಹಾರವೊಂದಿದೆ. 18 ಹಲ್ಲಿನ ಫ್ರೀವೀಲನ್ನು ತೆಗೆದು 22 ಹಲ್ಲಿನದನ್ನು ಹಾಕಿಸಿದರೆ ತುಳಿಯುವ ಬಲ ಹೆಚ್ಚುಕಡಿಮೆ ಐದನೆಯ ಒಂದು ಪಾಲು ಕಡಿಮೆಯಾಗುತ್ತದೆ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾದೀತು, ಅಷ್ಟೆ. ಸಮತಟ್ಟಿನಲ್ಲಿ ವೇಗ ಸ್ವಲ್ಪ ತಗ್ಗುತ್ತದೆ; ಮಲೆನಾಡಿನಲ್ಲಿ ಸಮತಟ್ಟು ಎಷ್ಟಿದೆಯೆಂಬುದು ಎಲ್ಲರಿಗೂ ಗೊತ್ತು. ಪೇಟೆಯ ಸೈಕಲ್ ಅಂಗಡಿಯವರಿಗೆ ಈ ಕೆಲಸ ಹೊಸತಲ್ಲ. ಕೇಳುವವರಿಲ್ಲದೆ ಅವರೂ ಸುಮ್ಮನಿದ್ದಾರೆ.

ಇಂಧನದ ವಿಷಯ. ಐವತ್ತು ಕಿಲೋಮೀಟರ್ ದೂರವನ್ನು ಬೈಕಿನಲ್ಲಿ ಕ್ರಮಿಸಲು ಒಂದು ಲೀಟರ್ ಪೆಟ್ರೋಲ್ ಎಂದಿಟ್ಟುಕೊಳ್ಳೋಣ. ಅದರಲ್ಲಿ ಸುಮಾರು 7,600 ಕಿಲೋಕ್ಯಾಲರಿ ಶಕ್ತಿಯಿದೆ; ಉರಿದಾಗ 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದೇ ದೂರವನ್ನು ಸಮತಟ್ಟಿನಲ್ಲಿ ತುಳಿಯಲು ಬೇಕಾದದ್ದು 1,000ದಿಂದ 1,300 ಕಿಲೋಕ್ಯಾಲರಿ, ಅಂದರೆ ಮೂರು–ಮೂರೂವರೆ ನೂರು ಗ್ರಾಂ ಅಕ್ಕಿ. ಆ ಅಕ್ಕಿಗೂ ಟಿಲ್ಲರಿನ ಡೀಸೆಲ್ಲು, ನೈಸರ್ಗಿಕ ಅನಿಲದಿಂದ ತಯಾರಾದ ಯೂರಿಯಾ ಸೇರಿರುತ್ತವೆಂಬುದನ್ನು ಮರೆಮಾಚಬಾರದು. ಗೊಬ್ಬರ ಗುಂಡಿ, ಸೊಪ್ಪು, ಸಗಣಿಗಳಿಂದ ಬೆಳೆದ ಗದ್ದೆಯವರ ಲೆಕ್ಕ ಇನ್ನಷ್ಟು ಹಗುರ. ದಾರಿಯಲ್ಲಿ ತಿನ್ನಲು ಅವಲಕ್ಕಿ ಬೆಲ್ಲ, ಬಾಳೆಹಣ್ಣು ಸಾಕು. ಕುಡಿಯಲು ಉಪ್ಪು ಬೆರೆಸಿದ ನೀರುಮಜ್ಜಿಗೆ. ಬಣ್ಣದ ಪಾನೀಯಗಳ ಅಗತ್ಯವಿಲ್ಲ.

ಏರಿಗಿಂತ ಇಳಿಜಾರಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಐನೂರು ಮೀಟರ್ ಘಾಟಿ ಇಳಿಯುವ 90 ಕಿಲೋಗ್ರಾಂ ಭಾರದಲ್ಲಿರುವ ಶಕ್ತಿ ಹೆಚ್ಚುಕಡಿಮೆ ಒಂದೂ ಕಾಲು ಲೀಟರ್ ತಣ್ಣೀರನ್ನು ಕುದಿಸುವಷ್ಟು. ಅದರ ಬಹುಪಾಲು ಎರಡು ಜೊತೆ ರಬ್ಬರ್ ತುಂಡುಗಳ ಮೇಲೆ ಬೀಳುತ್ತದೆ. ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರಿನ ಹಿಡಿತ ತೀರ ಕಡಿಮೆಯಾಗುತ್ತದೆ. ಬ್ರೇಕು ಹಿಡಿದ ಎಷ್ಟೋ ಮಾರು ದೂರದ ನಂತರ ಸೈಕಲ್ ನಿಲ್ಲುತ್ತದೆ. ಸವೆದ ರಬ್ಬರುಗಳನ್ನು ಹೊರಡುವ ಮುನ್ನವೇ ಬದಲಾಯಿಸಬೇಕು. ಒಂದೇ ಸಮನೆ ಬ್ರೇಕು ಒತ್ತಿ ಹಿಡಿಯದೆ ಬಿಟ್ಟು ಬಿಟ್ಟು ಹಿಡಿಯಬೇಕು, ಹಿಂದಿನದು ಮುಂದಿನದು ಎರಡನ್ನೂ. ಮಳೆ ಬರುತ್ತಿದ್ದರೆ ಘಾಟಿಯನ್ನು ಇಳಿದು ನಡೆಯುವುದೇ ಬುದ್ಧಿವಂತಿಕೆ.

ಮಳೆಯ ಮಾತಿಗೆ ಬಂದರೆ ಹುಟ್ಟುಹಬ್ಬದ ತೊಡಕೂ ಎದುರಾಗುತ್ತದೆ. ಹಳ್ಳಿಗಳಲ್ಲಿ ಐವತ್ತು ದಾಟಿದವರ ದಾಖಲೆಗಳನ್ನು ತೆರೆದರೆ ಊರಿನ ಅನೇಕರು ಜೂನ್ 1ರಂದೇ ಹುಟ್ಟಿದಂತೆ ಕಾಣುತ್ತದೆ. ಶಾಲೆಗೆ ಸೇರಿಸಿಕೊಂಡ ಮಾಸ್ತರರು ಶಾಲೆ ತೆರೆಯುವ ದಿನವನ್ನೇ ಬರೆದುಕೊಂಡ ಪುಣ್ಯ ಅದು. ಮಲೆನಾಡಿನಲ್ಲಿ ಮುಂಗಾರು ಕಾಲಿಡುವುದೂ ಅದೇ ದಿನಗಳಲ್ಲಿ. ಮುಂದಿನ ನಾಲ್ಕು ತಿಂಗಳು ರಸ್ತೆಯಂಚಿನಲ್ಲಿ ಪಾಚಿ, ತಿರುವಿನಲ್ಲಿ ಕೊಚ್ಚಿ ಬಂದ ಜಲ್ಲಿ, ಮಂಜಿನಲ್ಲಿ ಕಾಣದ ಲಾರಿಗಳು. ಮಾರ್ಶಾನ್ ತಮ್ಮ ನೂರನ್ನು ಹುಟ್ಟುಹಬ್ಬದಂದೇ ತುಳಿಯಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮಳೆ ಹಿಂದೆಗೆದು, ಪಾಚಿ ಒಣಗಿ, ಅಡಿಕೆ ಕೊಯ್ಲು ಬಿರುಸಾಗುವ ಮೊದಲು ಸಿಗುವ ಕೆಲವು ತಂಪು ದಿನಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಹೊಸದಾಗಿ ಹೊರಡುವ ಹಿರಿಯರು ಮೊದಲ ವರ್ಷವೇ ಪೂರ್ತಿ ಅಂಕಿಯ ಹಟ ಹಿಡಿಯಬಾರದು. ಐದು ಕಿಲೋಮೀಟರಿನಿಂದ ಆರಂಭಿಸಿ, ವಾರಕ್ಕೆ ಹತ್ತನೆಯ ಒಂದು ಪಾಲಿನಷ್ಟು ಹೆಚ್ಚಿಸುತ್ತ ಹೋದರೆ ಆರೇಳು ತಿಂಗಳಲ್ಲಿ ಐವತ್ತು ದುಸ್ಸಾಧ್ಯವಲ್ಲ. ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿರುವವರು ವೈದ್ಯರನ್ನು ಕಂಡೇ ಹೊರಡಬೇಕು. ಅರವತ್ತನ್ನು ಎರಡು ದಿನಕ್ಕೆ ಹಂಚಿ, ನಡುವೆ ನೆಂಟರ ಮನೆಯಲ್ಲಿ ಉಳಿದರೂ ಅರವತ್ತು ಅರವತ್ತೇ. ಒಂಟಿಯಾಗಿ ಹೋಗದಿರುವುದು ಒಳ್ಳೆಯದು. ಮೊಮ್ಮಗಳು ಶಾಲೆಯ ಸೈಕಲ್ಲಿನಲ್ಲಿ ಮೊದಲ ಹದಿನಾಲ್ಕು ಕಿಲೋಮೀಟರ್ ಜೊತೆಗೆ ಬಂದರೆ ಅವಳ ವರ್ಷದ ಲೆಕ್ಕವೂ ಅಲ್ಲಿಗೆ ಮುಗಿಯಿತು.

ಹೆಂಗಸರ ಮಾತನ್ನು ಬೇರೆಯಾಗಿ ಹೇಳಬೇಕಾಗಿದೆ. ಮನೆಯವರೆಲ್ಲರ ಹುಟ್ಟಿದ ದಿನಕ್ಕೂ ಪಾಯಸ ಮಾಡುವವರ ಹುಟ್ಟಿದ ದಿನ ಹಲವು ಮನೆಗಳಲ್ಲಿ ಯಾರ ನೆನಪಿನಲ್ಲಿಯೂ ಇರುವುದಿಲ್ಲ. ಎಂಟನೆಯ ತರಗತಿಯಲ್ಲಿ ಸೈಕಲ್ ಪಡೆದು ಕಲಿತ ಮೊದಲ ತಂಡದ ಹುಡುಗಿಯರಿಗೆ ಈಗ ಮೂವತ್ತು ದಾಟಿದೆ. ಮದುವೆಯಾಗಿ ಹೋದ ಊರಿನಲ್ಲಿ ಅವರಲ್ಲಿ ಎಷ್ಟು ಮಂದಿಗೆ ಸೈಕಲ್ ಮುಟ್ಟುವ ಅವಕಾಶ ದೊರೆತಿದೆ? ಮೂವತ್ತೆರಡು ಕಿಲೋಮೀಟರ್ ಎಂದರೆ ಹೊರಗೆ ಕಳೆಯುವ ಮೂರು ನಾಲ್ಕು ಗಂಟೆ. ಆ ಮೂರು ನಾಲ್ಕು ಗಂಟೆ ಕೊಟ್ಟಿಗೆಯನ್ನೂ ಒಲೆಯನ್ನೂ ಬೇರೊಬ್ಬರು ನೋಡಿಕೊಳ್ಳಬೇಕು. ಅಲ್ಲಿರುವ ಏರು ಘಾಟಿಯ ಏರಿಗಿಂತ ಕಡಿದು, ಸಮೋನ್ನತಿ ರೇಖೆಗಳಲ್ಲಿ ಅದು ಕಾಣುವುದಿಲ್ಲ.

ಇನ್ನು ತಮ್ಮ ವಯಸ್ಸೇ ನಿಖರವಾಗಿ ತಿಳಿಯದ ಅಜ್ಜಂದಿರಿದ್ದಾರೆ. ದೊಡ್ಡ ನೆರೆ ಬಂದ ವರ್ಷ, ಊರಿಗೆ ಮೊದಲ ಬಸ್ಸು ಬಂದ ವರ್ಷ ಎಂದು ಎಣಿಸುವವರು. ದಾಖಲೆಯ ವಯಸ್ಸು ಎಪ್ಪತ್ತು, ನೆನಪಿನ ವಯಸ್ಸು ಎಪ್ಪತ್ತಮೂರೋ ನಾಲ್ಕೋ. ಪಿಂಚಣಿಯ ಅರ್ಜಿಗೆ ದಾಖಲೆಯದನ್ನು ಬರೆಯಲಿ. ಸೈಕಲ್ಲಿಗೆ ಯಾವುದೆಂಬುದನ್ನು ಎಪ್ಪತ್ತನೆಯ ಕಿಲೋಮೀಟರಿನಲ್ಲಿ ಮರದ ನೆರಳಿಗೆ ಇಳಿದು ಕುಳಿತು, ಮಜ್ಜಿಗೆ ಕುಡಿದು, ಅವರೇ ತೀರ್ಮಾನಿಸಬಹುದು.